ಡಯಲ್-ಅಪ್ ಬಿಬಿಎಸ್‌ಗೆ ಕ್ಯೂಡಬ್ಲ್ಯೂಕೆ ಮೇಲ್ ಡೋರ್ ಸರಿಯಾಗಿ ಅಳವಡಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: 486 ಯಂತ್ರ, ಡಾಸ್ 6.22, ಅದರ ಮೇಲೆ ರಿಮೋಟ್ ಆಕ್ಸೆಸ್ ಎಂಬ ಬಿಬಿಎಸ್ (ಫೋನ್ ಮೂಲಕ ಕರೆ ಮಾಡಿ ಸಂದೇಶ ಓದಿ ಬರೆಯುವ ಬುಲೆಟಿನ್ ಬೋರ್ಡ್) ತಂತ್ರಾಂಶ, ಒಂದೇ ಫೋನ್ ಲೈನು. ಕರೆ ಮಾಡುವವರು ಸಂದೇಶ ಓದುತ್ತಾ ಕೂತು ಲೈನು ಯಾವಾಗಲೂ ಬಿಜಿ. ಅದಕ್ಕೆ ಮೇಲ್ ಡೋರ್ ಹಾಕಿದ್ದೀರಿ, ಅಂದರೆ ಹೊಸ ಸಂದೇಶಗಳನ್ನೆಲ್ಲ ಕ್ಯೂಡಬ್ಲ್ಯೂಕೆ ರೂಪದ ಒಂದು ಪ್ಯಾಕೆಟ್ ಮಾಡಿ ಕೊಡುವ, ಬಿಬಿಎಸ್ ಒಳಗಿನಿಂದ ಓಡುವ ಪ್ರೋಗ್ರಾಮು; ಓದುವುದು, ಉತ್ತರಿಸುವುದು ಫೋನ್ ಇಟ್ಟ ಮೇಲೆ. ಈಗ ಕೆಲವರಿಗೆ ಓದಿದ ಸಂದೇಶಗಳೇ ಮತ್ತೆ ಬರುತ್ತಿವೆ, ಕೆಲವರಿಗೆ ಹೊಸದು ಒಂದೂ ಸಿಗುತ್ತಿಲ್ಲ.

ಈ ಎರಡೂ ದೂರುಗಳ ಮೂಲ ಲಾಸ್ಟ್‌ರೀಡ್ ಪಾಯಿಂಟರ್, ಅಂದರೆ ಯಾವ ಬಳಕೆದಾರ ಯಾವ ವಿಭಾಗದಲ್ಲಿ ಎಲ್ಲಿಯವರೆಗೆ ಓದಿದ್ದಾನೆ ಎಂಬ ಗುರುತು. ಮೇಲ್ ಡೋರ್ ಅಳವಡಿಸುವುದೆಂದರೆ ಪ್ಯಾಕೆಟ್ ನಿಜಕ್ಕೂ ತಲುಪಿದಾಗ ಮಾತ್ರ ಈ ಗುರುತು ಮುಂದಕ್ಕೆ ಸರಿಯುವಂತೆ ನೋಡಿಕೊಳ್ಳುವುದು. ಸೀರಿಯಲ್ ಪೋರ್ಟ್ ನೋಡಿಕೊಳ್ಳುವ ಫಾಸಿಲ್ ಡ್ರೈವರ್, ಪ್ಯಾಕೆಟ್ ಕುಗ್ಗಿಸುವ ಪಿಕೆಜಿಪ್, ಝಡ್‌ಮೋಡೆಮ್ ಪದ್ಧತಿಯಲ್ಲಿ ಫೈಲ್ ಕಳಿಸುವ ಡಿಎಸ್‌ಝಡ್ ಎಲ್ಲವನ್ನೂ ಆ ಕಣ್ಣಿನಿಂದಲೇ ನೋಡಿ.

ಮೊದಲು, ಇದರಿಂದ ಉಳಿಯುವ ಸಮಯ ಎಷ್ಟು? 2400 ಬಿಪಿಎಸ್ ಮೋಡೆಮಿನಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್ ಮತ್ತು ಸ್ಟಾಪ್ ಸೇರಿ 10 ಬಿಟ್, ಹಾಗಾಗಿ ಸೆಕೆಂಡಿಗೆ 240 ಅಕ್ಷರ. ಸರಾಸರಿ 1500 ಅಕ್ಷರದ 100 ಸಂದೇಶಗಳು ಪರದೆಯ ಮೇಲೆ ಎಲ್ಲೂ ನಿಲ್ಲದೆ ಹರಿದರೂ 10 ನಿಮಿಷ 25 ಸೆಕೆಂಡು ಹಿಡಿಯುತ್ತದೆ. ಅದನ್ನೇ ಜಿಪ್ ಮಾಡಿದರೆ, ಪಠ್ಯ 40 ಶೇಕಡಾಕ್ಕೆ ಇಳಿಯಿತು ಎಂದುಕೊಂಡರೂ, 4 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಯೋಚಿಸುತ್ತಾ ಓದುವ ಮತ್ತು ಉತ್ತರ ಟೈಪ್ ಮಾಡುವ ಹೊತ್ತೆಲ್ಲ ಲೈನಿನಿಂದ ಆಚೆ ಹೋಗುತ್ತದೆ. ದೊಡ್ಡ ಉಳಿತಾಯ ಅದೇ. ವಿ.42ಬಿಸ್ ಇರುವ 14400 ಮೋಡೆಮು ಪಠ್ಯವನ್ನು ತಾನೇ ಕುಗ್ಗಿಸಿ ಕಳಿಸುವುದರಿಂದ ಜಿಪ್‌ನ ಲಾಭ ಅಲ್ಲಿ ಕಡಿಮೆ. ಆದರೆ ಓದುವವನ ಕಣ್ಣಿನ ವೇಗವನ್ನು ಯಾವ ಮೋಡೆಮೂ ಹೆಚ್ಚಿಸಲಾರದು. 1987ರಲ್ಲಿ ಮಾರ್ಕ್ ಹೆರಿಂಗ್ ಪಿಸಿಬೋರ್ಡ್ ಎಂಬ ಬಿಬಿಎಸ್ ತಂತ್ರಾಂಶಕ್ಕಾಗಿ ಕ್ಯೂಮೇಲ್ ಎಂಬ ಡೋರ್ ಬರೆದು ಈ ಕ್ಯೂಡಬ್ಲ್ಯೂಕೆ ರೂಪವನ್ನು ಕೊಟ್ಟದ್ದು ಇದೇ ಕಾರಣಕ್ಕೆ.

ಮೋಡೆಮಿನಿಂದ ಶುರು ಮಾಡಿ. ಇನಿಷಿಯಲೈಸೇಶನ್ ಸಾಲಿನಲ್ಲಿ &ಸಿ1 ಮತ್ತು &ಡಿ2 ಇರಲೇಬೇಕು. ಮೊದಲನೆಯದು ಲೈನು ಕಡಿದಾಗ ಕ್ಯಾರಿಯರ್ ಸಿಗ್ನಲನ್ನು ಕೆಳಗಿಳಿಸುತ್ತದೆ, ಎರಡನೆಯದು ಡಿಟಿಆರ್ (ಕಂಪ್ಯೂಟರ್ ಸಿದ್ಧವಿದೆ ಎನ್ನುವ ಸಿಗ್ನಲ್) ಇಳಿದಾಗ ಫೋನು ಇಡುತ್ತದೆ. &ಸಿ0 ಇದ್ದರೆ ಕರೆ ಕಡಿದದ್ದು ಡೋರ್‌ಗೆ ತಿಳಿಯುವುದೇ ಇಲ್ಲ; ಯಾರೂ ಇಲ್ಲದ ಲೈನಿಗೆ ಪ್ಯಾಕೆಟ್ ಕಳಿಸುತ್ತಾ ಕೂರುತ್ತದೆ. ಫಾಸಿಲ್ ಡ್ರೈವರ್ ಆಗಿ ಎಕ್ಸ್‌00 ಸಾಕು. ಅದನ್ನು ಕಾನ್ಫಿಗ್.ಸಿಸ್‌ನಲ್ಲಿ ಏರಿಸಿ, ಪೋರ್ಟಿನ ವೇಗವನ್ನು 38400ಕ್ಕೆ ಲಾಕ್ ಮಾಡಿ, ಆರ್‌ಟಿಎಸ್/ಸಿಟಿಎಸ್ ಹರಿವು ನಿಯಂತ್ರಣ ಆನ್ ಮಾಡಿ. ಫಾಸಿಲ್ ಪೋರ್ಟುಗಳನ್ನು 0ಯಿಂದ ಎಣಿಸುತ್ತದೆ, ಡೋರ್‌ನ ಸೆಟಪ್ ಸಾಮಾನ್ಯವಾಗಿ 1ರಿಂದ. ಕಾಮ್1 ಅಂದರೆ ಫಾಸಿಲ್‌ಗೆ ಪೋರ್ಟ್ 0. ಪರದೆಯಲ್ಲಿ ಡೋರ್ ಓಡುತ್ತಿದ್ದರೂ ಕರೆದವನಿಗೆ ಏನೂ ಕಾಣದಿದ್ದರೆ ಮೊದಲು ಈ ಸಂಖ್ಯೆ ನೋಡಿ. ಸೀರಿಯಲ್ ಕಾರ್ಡಿನ ಚಿಪ್ 8250 ಅಥವಾ 16450 ಆಗಿದ್ದರೆ 16550ಎ ಇರುವ ಕಾರ್ಡು ಹಾಕಿಕೊಳ್ಳಿ. ಹಳೆಯ ಚಿಪ್‌ಗೆ ಒಂದು ಬೈಟಿನ ಬಫರ್, ಹೊಸದಕ್ಕೆ 16. ಡಿಸ್ಕ್ ಬರೆಯುವಾಗ ಅಕ್ಷರ ಕಳೆದುಹೋಗಿ ಝಡ್‌ಮೋಡೆಮ್ ಮತ್ತೆ ಮತ್ತೆ ಕಳಿಸುವುದು ಈ ಒಂದು ಬೈಟಿನಿಂದಾಗಿ.

ರಿಮೋಟ್ ಆಕ್ಸೆಸ್‌ನ ಮೆನುವಿನಲ್ಲಿ ಟೈಪ್ 7 (ಹೊರಗಿನ ಪ್ರೋಗ್ರಾಮ್ ಓಡಿಸುವ ಬಗೆ) ಬಳಸಿ, ಡೇಟಾ ಸಾಲಿನಲ್ಲಿ *ಸಿ /ಸಿ ಮೇಲ್.ಬ್ಯಾಟ್ *ಎನ್ *ಎಂ ಎಂದು ಕೊಡಿ. *ಸಿ ಎಂದರೆ ಕಮಾಂಡ್.ಕಾಮ್‌ನ ಪೂರ್ಣ ದಾರಿ, *ಎನ್ ನೋಡ್ (ಬಿಬಿಎಸ್‌ನ ಒಂದೊಂದು ಲೈನು) ಸಂಖ್ಯೆ. *ಎಂ ಬಿಬಿಎಸ್ ಪ್ರೋಗ್ರಾಮನ್ನು ಮೆಮೊರಿಯಿಂದ ಆಚೆ ಸರಿಸುತ್ತದೆ. ಇದನ್ನು ಬಿಡಬೇಡಿ. 640 ಕೆಬಿ ಒಳಗೆ ಬಿಬಿಎಸ್, ಅದರೊಳಗೆ ಡೋರ್, ಡೋರ್‌ನೊಳಗೆ ಪಿಕೆಜಿಪ್ ಮೂರೂ ಹಿಡಿಯುವುದಿಲ್ಲ. ಡೋರ್ ಚೆನ್ನಾಗಿ ತೆರೆದು, ಸಂದೇಶ ಎಣಿಸಿ, ಪ್ಯಾಕ್ ಮಾಡುವ ಕ್ಷಣಕ್ಕೆ ಸರಿಯಾಗಿ ಸೋತರೆ ಹೆಚ್ಚಿನ ಸಲ ಕಾರಣ ಮೆಮೊರಿ. ಡೋರ್‌ಗೂ ತನ್ನದೇ ಸ್ವಾಪ್ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಕಾನ್ಫಿಗ್.ಸಿಸ್‌ನ ಶೆಲ್ ಸಾಲಿಗೆ /ಇ:1024 ಸೇರಿಸಿ; ಡಾಸ್ ಕೊಡುವ 256 ಬೈಟಿನ ಎನ್ವಿರಾನ್‌ಮೆಂಟ್ ಜಾಗ ಪಾತ್ ಮತ್ತು ಡಿಎಸ್‌ಝಡ್‌ನ ಸೆಟ್ ಸಾಲುಗಳಿಗೆ ಸಾಲದೆ, ಕೊನೆಯ ಸೆಟ್ ಸಾಲು ಬಿದ್ದುಹೋಗುತ್ತದೆ.

ಬ್ಯಾಚ್ ಫೈಲಿನಲ್ಲಿ ಐದೇ ಕೆಲಸ: ಡೋರ್‌ನ ಡೈರೆಕ್ಟರಿಗೆ ಹೋಗುವುದು, ಹಳೆಯ ಡಿಎಸ್‌ಝಡ್ ಲಾಗ್ ಅಳಿಸುವುದು, ನೋಡ್ ಡೈರೆಕ್ಟರಿಯಲ್ಲಿರುವ ಡೋರಿನ್ಫೊ1.ಡೆಫ್ (ಕರೆದವನ ವಿವರ ಇರುವ ಫೈಲು) ಎಲ್ಲಿದೆ ಎಂದು ಹೇಳಿ ಡೋರ್ ಓಡಿಸುವುದು, ವರ್ಕ್ ಡೈರೆಕ್ಟರಿ ಖಾಲಿ ಮಾಡುವುದು, ಬಿಬಿಎಸ್ ಡೈರೆಕ್ಟರಿಗೆ ಮರಳುವುದು. ಮುಂದೆ ಎರಡನೆಯ ಲೈನು ಬಂದರೆ ಪ್ರತಿ ನೋಡ್‌ಗೂ ಬೇರೆ ವರ್ಕ್ ಡೈರೆಕ್ಟರಿ ಬೇಕು, ಶೇರ್.ಎಕ್ಸ್ (ಒಂದೇ ಫೈಲನ್ನು ಇಬ್ಬರು ತೆರೆದಾಗ ಕಾಯುವ ಡಾಸ್ ಪ್ರೋಗ್ರಾಮು) ಏರಿಸಿರಬೇಕು. ಇಲ್ಲದಿದ್ದರೆ ಒಬ್ಬರ ಖಾಸಗಿ ಪತ್ರ ಇನ್ನೊಬ್ಬರ ಪ್ಯಾಕೆಟ್ ಸೇರುತ್ತದೆ. ಅದು ಸಿಸಾಪ್, ಅಂದರೆ ಬಿಬಿಎಸ್ ನಡೆಸುವವರು, ಎಂದೂ ಬಿಡಬಾರದ ತಪ್ಪು.

ಈಗ ಗುರುತಿನ ವಿಷಯ. ಡಿಎಸ್‌ಝಡ್ ಒಂದು ವರ್ಗಾವಣೆ ಮುಗಿಸಿದಾಗ, ಡಿಎಸ್‌ಝಡ್‌ಲಾಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಹೆಸರಿಸಿದ ಫೈಲಿನ ಕೊನೆಗೆ ಒಂದು ಸಾಲು ಸೇರಿಸುತ್ತದೆ: ಗೆದ್ದಿತೋ ಸೋತಿತೋ ಹೇಳುವ ಅಕ್ಷರ, ಬೈಟುಗಳ ಲೆಕ್ಕ, ವೇಗ, ತಪ್ಪುಗಳ ಸಂಖ್ಯೆ, ಫೈಲಿನ ಹೆಸರು. ಡೋರ್ ಆ ಸಾಲನ್ನು ಓದಿಯೇ ಪಾಯಿಂಟರ್ ಸರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ವೇರಿಯಬಲ್ಲೇ ಇಲ್ಲದಿದ್ದರೆ ಕೆಲವು ಡೋರ್‌ಗಳು ಸೋತಿತೆಂದು ತಿಳಿದು ಪಾಯಿಂಟರನ್ನು ಹಾಗೇ ಬಿಡುತ್ತವೆ. ಓದಿದ್ದೇ ಮತ್ತೆ ಬರುತ್ತದೆ. ಹಳೆಯ ಲಾಗ್ ಅಳಿಸದಿದ್ದರೆ ನಿನ್ನೆಯ ಗೆಲುವಿನ ಸಾಲನ್ನು ಇವತ್ತಿನದೆಂದು ಓದಿ ಪಾಯಿಂಟರ್ ಸರಿಸುತ್ತವೆ, ಸಂದೇಶ ತಪ್ಪುತ್ತದೆ. ಆದ್ದರಿಂದಲೇ ಬ್ಯಾಚ್ ಫೈಲಿನಲ್ಲಿ ಆ ಅಳಿಸುವ ಸಾಲು. ಡಿಎಸ್‌ಝಡ್ ಫಾಸಿಲನ್ನು ಕೇಳದೆ ಸೀರಿಯಲ್ ಚಿಪ್ಪನ್ನು ನೇರವಾಗಿ ಮುಟ್ಟುವುದರಿಂದ, ಅದಕ್ಕೆ ಲಾಕ್ ಮಾಡಿದ 38400 ವೇಗವನ್ನು ಪ್ರತ್ಯೇಕವಾಗಿ ಹೇಳಿ. ಕರೆ ಬಂದ 2400ನ್ನು ಹೇಳಿದರೆ ಪೋರ್ಟಿನ ವೇಗ ಬದಲಾಗಿ ಎರಡೂ ಕಡೆ ಕಸ ಹರಿಯುತ್ತದೆ. ಮೋಡೆಮ್ ಕಾಮ್3 ಅಥವಾ ಕಾಮ್4ರಲ್ಲಿದ್ದು ಐಆರ್‌ಕ್ಯೂ (ಇಂಟರಪ್ಟ್ ಸಂಖ್ಯೆ) ಬೇರೆಯಾಗಿದ್ದರೆ ಪೋರ್ಟ್‌ಎಕ್ಸ್ ಆಜ್ಞೆಯಲ್ಲಿ ವಿಳಾಸವನ್ನೂ ಐಆರ್‌ಕ್ಯೂವನ್ನೂ ಕೊಡಿ.

ಇನ್ನೊಂದು ಕಡೆಯೂ ಗುರುತು ಕೆಡುತ್ತದೆ, ಮತ್ತು ನಿಮ್ಮ 'ಹೊಸದು ಒಂದೂ ಸಿಗುತ್ತಿಲ್ಲ' ಎಂಬ ದೂರಿಗೆ ಅದೇ ಕಾರಣ ಇರಬಹುದು. ಹಡ್ಸನ್ ಎಂಬ ಮಾದರಿಯ ಸಂದೇಶ ಭಂಡಾರದಲ್ಲಿ ಎಲ್ಲ 200 ಬೋರ್ಡುಗಳಿಗೂ (ವಿಭಾಗಗಳಿಗೂ) ಒಂದೇ ಕ್ರಮಸಂಖ್ಯೆ, ಆದ್ದರಿಂದ ಆಗಾಗ ರೀನಂಬರ್ ಮಾಡಲೇಬೇಕು. ರೀನಂಬರ್ ಉಪಕರಣ ಬಿಬಿಎಸ್‌ನ ಲಾಸ್ಟ್‌ರೀಡ್.ಬಿಬಿಎಸ್ ಫೈಲನ್ನು ತಿದ್ದುತ್ತದೆ. ಡೋರ್ ತನ್ನದೇ ಬೇರೆ ಪಾಯಿಂಟರ್ ಫೈಲ್ ಇಟ್ಟುಕೊಂಡಿದ್ದರೆ ಅದನ್ನು ಮುಟ್ಟುವುದಿಲ್ಲ. ಡೋರ್‌ನ ಗುರುತು 8000ದಲ್ಲಿ, ಭಂಡಾರ 3000ಕ್ಕೆ ಮುಗಿದಿದೆ; ಹೊಸದೇನೂ ಇಲ್ಲವೆಂದು ಡೋರ್ ಹೇಳುತ್ತಲೇ ಇರುತ್ತದೆ. ಡೋರ್‌ನ ಸೆಟಪ್‌ನಲ್ಲಿ ಬಿಬಿಎಸ್‌ನ ಲಾಸ್ಟ್‌ರೀಡನ್ನೇ ಬಳಸುವ ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಆನ್‌ಲೈನಿನಲ್ಲಿ ಓದಿದ್ದು ಪ್ಯಾಕೆಟ್‌ನಲ್ಲಿ ಮತ್ತೆ ಬರುವ ಕಾಟವೂ ಅದರಿಂದ ತಪ್ಪುತ್ತದೆ. ನಿಮ್ಮ ಡೋರ್ ಜ್ಯಾಮ್ ಎಂಬ ಇನ್ನೊಂದು ಮಾದರಿಯ ಭಂಡಾರವನ್ನು ಓದಬಲ್ಲದಾದರೆ ಅದಕ್ಕೆ ಬದಲಾಗುವುದು ಇನ್ನೂ ಒಳ್ಳೆಯದು: ಅಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಫೈಲು, ಹಡ್ಸನ್‌ನ 16 ಎಂಬಿ ಪಠ್ಯದ ಮಿತಿಯೂ ಇಲ್ಲ.

ಮಿತಿಗಳನ್ನು ಮೊದಲ ದಿನವೇ ಹಾಕಿ. ಹೊಸ ಬಳಕೆದಾರನ ಪಾಯಿಂಟರ್ 0. ಅವನು ಡೋರ್ ತೆರೆದ ಕೂಡಲೇ ಇಡೀ ಭಂಡಾರ ಪ್ಯಾಕ್ ಆಗಲು ಶುರುವಾಗುತ್ತದೆ. ಹೊಸಬರಿಗೆ ಪ್ರತಿ ವಿಭಾಗದ ಕೊನೆಯ 50, ಮಿಕ್ಕವರಿಗೆ ವಿಭಾಗಕ್ಕೆ 100, ಒಟ್ಟು 500 ಸಂದೇಶ ಎಂದಿಟ್ಟರೆ 2400ರವರಿಗೂ ನಡೆಯುತ್ತದೆ. ನಿತ್ಯ ಬರುವವರ ಪ್ಯಾಕೆಟ್‌ಗಳನ್ನು ನಸುಕಿನಲ್ಲೇ ಕಟ್ಟಿಡುವ ಆಯ್ಕೆ ಡೋರ್‌ನಲ್ಲಿದ್ದರೆ, ಫಿಡೋನೆಟ್ (ಬಿಬಿಎಸ್‌ಗಳ ನಡುವಿನ ಸಂದೇಶ ಜಾಲ) ಮೇಲ್ ಟಾಸ್ ಆದ, ಅಂದರೆ ವಿಭಾಗಗಳಿಗೆ ಹಂಚಿಹೋದ ಮೇಲೆ ಓಡುವ ಹಾಗೆ ಇಡಿ. ಮೊದಲೇ ಓಡಿದರೆ ಕರೆದವರಿಗೆ ನಿನ್ನೆಯ ಮೇಲ್ ಸಿಗುತ್ತದೆ.

ಪ್ಯಾಕೆಟ್‌ನಲ್ಲಿ ಅನುಮಾನ ಬಂದರೆ ಬಿಚ್ಚಿ ನೋಡಿ, ಅದರಲ್ಲಿ ಗುಟ್ಟೇನೂ ಇಲ್ಲ. ಕಂಟ್ರೋಲ್.ಡ್ಯಾಟ್ ಸಾಮಾನ್ಯ ಪಠ್ಯ. ಅದರ 5ನೇ ಸಾಲಿನಲ್ಲಿ ಅಲ್ಪವಿರಾಮದ ನಂತರ ಇರುವುದು ನಿಮ್ಮ ಬಿಬಿಎಸ್ ಐಡಿ, ಗರಿಷ್ಠ 8 ಅಕ್ಷರ. ಒಮ್ಮೆ ಇಟ್ಟ ಐಡಿಯನ್ನು ಬದಲಿಸಬೇಡಿ, ಬಳಕೆದಾರರು ಹಳೆಯ ಹೆಸರಿನಲ್ಲಿ ಕಟ್ಟಿದ ಉತ್ತರದ ಪ್ಯಾಕೆಟ್‌ಗಳು ತಿರಸ್ಕೃತವಾಗುತ್ತವೆ. 11ನೇ ಸಾಲು ವಿಭಾಗಗಳ ಸಂಖ್ಯೆಗಿಂತ ಒಂದು ಕಡಿಮೆ ಇರುತ್ತದೆ, ಅದು ತಪ್ಪಲ್ಲ. ವಿಭಾಗದ ಹೆಸರು 13 ಅಕ್ಷರ ದಾಟದಿರಲಿ. ಮೆಸೇಜಸ್.ಡ್ಯಾಟ್ ಪೂರ್ತಿ 128 ಬೈಟಿನ ತುಂಡುಗಳಲ್ಲಿದೆ: ಮೊದಲ ತುಂಡು ಕಾಪಿರೈಟ್ ಸಾಲು, ನಂತರ ಪ್ರತಿ ಸಂದೇಶಕ್ಕೂ ಒಂದು ತುಂಡು ಹೆಡರ್, ಆಮೇಲೆ ಪಠ್ಯ. ಸಾಲು ಮುಗಿಯುವ ಗುರುತು 227 ಮೌಲ್ಯದ ಬೈಟ್. ಫೈಲಿನ ಗಾತ್ರ 128ರಿಂದ ಭಾಗವಾಗದಿದ್ದರೆ ಫೈಲು ಪೂರ್ತಿ ಬರೆದಿಲ್ಲ ಎಂದರ್ಥ; ಬರೆಯುವಾಗಲೇ ಡಿಸ್ಕ್ ತುಂಬಿರಬಹುದು.

ಉತ್ತರಗಳು ಹಿಂದಿರುಗುವುದು ನಿಮ್ಮ ಐಡಿಯ ಹೆಸರಿನ .ರೆಪ್ ಫೈಲಿನಲ್ಲಿ. ಬಂದ ಉತ್ತರ ಬಿಬಿಎಸ್‌ನಲ್ಲಿ ಕಾಣಿಸುತ್ತದೆ, ಆದರೆ ನೆಟ್‌ವರ್ಕ್‌ಗೆ ಹೋಗುವುದಿಲ್ಲ ಎಂದಾದರೆ, ಡೋರ್ ಎಕೋಮೇಲ್.ಬಿಬಿಎಸ್ (ಜ್ಯಾಮ್ ಆದರೆ ಎಕೋಮೇಲ್.ಜ್ಯಾಮ್) ಪಟ್ಟಿಯಲ್ಲಿ ಅದರ ನಮೂದು ಹಾಕುತ್ತಿಲ್ಲ. ಟಾಸರ್ (ನೆಟ್‌ವರ್ಕ್ ಮೇಲ್ ಹಂಚಿ ಕಳಿಸುವ ಪ್ರೋಗ್ರಾಮು) ಆ ಪಟ್ಟಿಯನ್ನಷ್ಟೇ ನೋಡಿ ಸುಮ್ಮನಾಗುತ್ತದೆ. ಡೋರ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ದಿನಕ್ಕೊಮ್ಮೆ ಟಾಸರ್‌ಗೆ ಪೂರ್ಣ ಸ್ಕ್ಯಾನ್ ಹೇಳಿ.

ಯಂತ್ರವನ್ನು ಪೆಂಟಿಯಂ 2ಕ್ಕೆ ಏರಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಡೋರ್‌ಗಳು ಅಲ್ಲಿ ಶುರುವಾಗುತ್ತಲೇ ರನ್‌ಟೈಮ್ ಎರರ್ 200 ಎಂದು ಬೀಳಬಹುದು. ಸಿಆರ್‌ಟಿ ಯುನಿಟ್ ವಿಳಂಬ ಅಳೆಯಲು ಮಾಡುವ ಭಾಗಾಕಾರ ವೇಗದ ಪ್ರೊಸೆಸರಿನಲ್ಲಿ ಉಕ್ಕಿ ಹರಿಯುವುದೇ ಕಾರಣ, ಎಕ್ಸ್ ಫೈಲಿಗೆ ಪ್ಯಾಚ್ ಹಾಕಿದರೆ ಸರಿಹೋಗುತ್ತದೆ. ಕ್ಯೂಡಬ್ಲ್ಯೂಕೆ ಹೆಡರಿನಲ್ಲಿ ಇಸವಿಗೆ ಎರಡೇ ಅಂಕಿ ಇರುವುದರಿಂದ ಹಳೆಯ ರೀಡರುಗಳು (ಪ್ಯಾಕೆಟ್ ಓದುವ ಪ್ರೋಗ್ರಾಮುಗಳು) ಈಗಿನ ಸಂದೇಶಗಳನ್ನು 1900ರ ಶತಮಾನಕ್ಕೆ ಸೇರಿಸಿ ತೋರಿಸುತ್ತವೆ. ದಿನಾಂಕದ ಪ್ರಕಾರ ವಿಂಗಡಿಸಬೇಡಿ, ಸಂದೇಶ ಸಂಖ್ಯೆಯ ಪ್ರಕಾರ ವಿಂಗಡಿಸಿ.

ಕನ್ನಡದಲ್ಲಿ ಸಂದೇಶ ಹಾಕಬಹುದೇ ಎಂದೂ ಕೇಳಿದ್ದೀರಿ. ಕ್ಯೂಡಬ್ಲ್ಯೂಕೆಗೆ ಅಡ್ಡಿಯಿಲ್ಲ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರವೂ 224, ನಂತರ 178 ಅಥವಾ 179, ನಂತರ 128ರಿಂದ 191ರೊಳಗಿನ ಒಂದು ಬೈಟು. ಇದರಲ್ಲಿ 227 ಎಲ್ಲೂ ಬರುವುದಿಲ್ಲ. ವಿಷಯದ ಸಾಲು 25 ಬೈಟು, ಅಂದರೆ 8 ಕನ್ನಡ ಸಂಕೇತಗಳಷ್ಟೇ ಹಿಡಿಯುತ್ತವೆ. ತೊಡಕು ಇರುವುದು ಫಿಡೋನೆಟ್‌ನಲ್ಲಿ. ಅಲ್ಲಿನ ಮೂಲ ನಿಯಮದಂತೆ 141 ಮೌಲ್ಯದ ಬೈಟು 'ಮೃದು' ಸಾಲುತುದಿ, ತಂತ್ರಾಂಶಗಳು ಅದನ್ನು ಎತ್ತಿಹಾಕುತ್ತವೆ. ನಮ್ಮ ಅರ್ಧಾಕ್ಷರದ ಚಿಹ್ನೆಯ ಮೂರು ಬೈಟುಗಳು 224, 179, 141. ಆ ಕೊನೆಯದು ಹೋದರೆ ಪ್ರತಿ ಒತ್ತಕ್ಷರವೂ ಒಡೆಯುತ್ತದೆ. ರಷ್ಯನ್ನರ 866 ಕೋಡ್‌ಪೇಜಿನಲ್ಲಿ ದೊಡ್ಡ 'ಎನ್' ಅಕ್ಷರಕ್ಕೂ ಇದೇ 141 ಬಿದ್ದಿತ್ತು; ಅವರು ಅದೇ ಆಕಾರದ ಲ್ಯಾಟಿನ್ 'ಎಚ್' ಟೈಪ್ ಮಾಡಿ ಪಾರಾದರು. ನಮಗೆ ಆ ದಾರಿ ಇಲ್ಲ. ಹಾಗಾಗಿ ಕನ್ನಡ ವಿಭಾಗವನ್ನು ಸ್ಥಳೀಯವಾಗಿಯೇ ಇಡಿ, ಓದುವವರು ಯುಟಿಎಫ್-8 ತಿಳಿದ ಇಂದಿನ ರೀಡರ್ ಬಳಸಲಿ.

ಎಲ್ಲ ಆದ ಮೇಲೆ ಮೊದಲು ಲೋಕಲ್ ಲಾಗಿನ್‌ನಿಂದ ಡೋರ್ ತೆರೆದು ಪ್ಯಾಕ್ ಆಗುವುದನ್ನು ನೋಡಿ. ಆಮೇಲೆ ಬೇರೆ ಫೋನಿನಿಂದ, ಪರೀಕ್ಷೆಗೆಂದೇ ಮಾಡಿದ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಕರೆಮಾಡಿ, ಡೌನ್‌ಲೋಡ್ ಅರ್ಧಕ್ಕೆ ಬಂದಾಗ ಫೋನ್ ವೈರು ಕಿತ್ತುಬಿಡಿ. ಒಂದು ನಿಮಿಷದೊಳಗೆ ಬಿಬಿಎಸ್ ಮುಂದಿನ ಕರೆಗೆ ಸಿದ್ಧವಾಗಬೇಕು, ಲಾಗ್‌ನಲ್ಲಿ ಸೋಲಿನ ಸಾಲು ಬಿದ್ದಿರಬೇಕು. ಮತ್ತೆ ಕರೆದಾಗ ಮೊದಲ ಸಲದಷ್ಟೇ ಸಂದೇಶಗಳು ಪ್ಯಾಕ್ ಆಗಬೇಕು. ಸಂಖ್ಯೆ 0 ಎಂದು ಬಂದರೆ ಡೋರನ್ನು ಬಳಕೆದಾರರಿಗೆ ಇನ್ನೂ ತೆರೆಯಬೇಡಿ; ಡಿಎಸ್‌ಝಡ್‌ಲಾಗ್ ಸಾಲು ಮತ್ತು &ಸಿ1 ಎರಡನ್ನೂ ಇನ್ನೊಮ್ಮೆ ನೋಡಿ.