ಚಿಂಚೋಳಿ ಕಾಡು ಬೆಳೆಯುವುದನ್ನು ತ್ರೀಡಿಯಲ್ಲಿ ತೋರಿಸಲು ಎಲ್ಲಿಂದ ಶುರು ಮಾಡಬೇಕು?

ಚಿಂಚೋಳಿ ಕಾಡು ಮುಂದಿನ 50 ವರ್ಷ ಹೇಗೆ ಬೆಳೆಯಬಹುದು ಅಂತ ತ್ರೀಡಿಯಲ್ಲಿ ತೋರಿಸಬೇಕು, ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ಕೇಳಿದ್ದೀರಿ. ನಾನೂ ಕಲಬುರಗಿಯವನು. ನಮ್ಮ ಕಡೆಯ ಕಾಡಿನ ಬಗ್ಗೆ ಒಬ್ಬರು ಹೀಗೆ ಕೇಳಿದ್ದು ತುಂಬಾ ಖುಷಿಯಾಯಿತು.

ಚಿತ್ರಕ್ಕೆ ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್ ಸಾಕು. ಅದು ಉಚಿತ. ಆದರೆ ಮೊದಲು ಬೆಳವಣಿಗೆಯ ಲೆಕ್ಕ ಬರೆಯಿರಿ. ಲೆಕ್ಕ ಇಲ್ಲದೆ ಗಿಡಗಳನ್ನು ಸುಮ್ನೆ ದೊಡ್ಡದು ಮಾಡುತ್ತಾ ಹೋದರೆ ಅದು ಅನಿಮೇಷನ್ ಅಷ್ಟೇ, ಕಾಡಲ್ಲ.

ಲೆಕ್ಕಕ್ಕೆ ಹಳೆಯ ದಾರಿ ಇದೆ. 1972ರಲ್ಲಿ ಪರಿಸರ ವಿಜ್ಞಾನಿ ಬಾಟ್ಕಿನ್ ಮತ್ತು ಸಂಗಡಿಗರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಕಾಡಿಗೆ ಜಬೋವಾ ಎಂಬ ಮಾದರಿ ಕಟ್ಟಿದರು. 10 ಮೀಟರ್ ಉದ್ದ, 10 ಮೀಟರ್ ಅಗಲದ ತುಂಡು ನೆಲ. ಅದರಲ್ಲಿ ಪ್ರತಿ ಮರ ವರ್ಷಕ್ಕೆ ಎಷ್ಟು ದಪ್ಪವಾಯಿತು, ಯಾವುದು ಸತ್ತಿತು, ಹೊಸ ಸಸಿ ಯಾವುದು ಬಂತು ಅಂತ ಕಂಪ್ಯೂಟರ್ ಹೇಳುತ್ತದೆ. ಅಲ್ಲಿ ಮುಖ್ಯ ಪೈಪೋಟಿ ಬೆಳಕಿಗಾಗಿ. ಎತ್ತರದ ಮರದ ನೆರಳು ಬಿದ್ದ ಗಿಡ ಸೊರಗುತ್ತದೆ.

ಇದನ್ನೇ ಚಿಂಚೋಳಿಗೆ ಹಾಕಿದರೆ ತಪ್ಪಾಗುತ್ತದೆ. ನಮ್ಮದು ಎಲೆ ಉದುರಿಸುವ ಒಣ ಕಾಡು. ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ, ಆಮೇಲೆ ಬೇರುಗಳ ಜಗಳ ನೀರಿಗಾಗಿ. ಆದ್ದರಿಂದ ಪ್ರತಿ ಮರಕ್ಕೂ ಮಣ್ಣಿನ ತೇವದಲ್ಲಿ ಒಂದು ಪಾಲು ಕೊಡಿ. ಲೆಕ್ಕ ವರ್ಷಕ್ಕೊಂದು ಸಲ ಬೇಡ, ತಿಂಗಳಿಗೊಂದು ಸಲ ಇರಲಿ. ಆಗ ಬೇಸಿಗೆಯಲ್ಲಿ ಬೋಳಾದ ತೇಗ, ಎಲೆಯಿಲ್ಲದೆ ಕೆಂಪಗೆ ಹೂ ಬಿಟ್ಟ ಮುತ್ತುಗ ಪರದೆ ಮೇಲೆ ಬರುತ್ತವೆ. ಇನ್ನೊಂದು ಮಾತು: ಕಡಿದ ಅಥವಾ ಸುಟ್ಟ ತೇಗದ ಬುಡದಿಂದ ಮತ್ತೆ ಚಿಗುರು ಏಳುತ್ತದೆ. ಬೀಜದ ಸಸಿಗಿಂತ ಅದು ಬೇಗ ಬೆಳೆಯುತ್ತದೆ, ಯಾಕೆಂದರೆ ಬೇರು ಆಗಲೇ ಆಳಕ್ಕೆ ಹೋಗಿರುತ್ತದೆ. ಬೆಂಕಿ, ದನ ಮೇಯುವುದು, ಈ ಚಿಗುರು ಮೂರೂ ಇಲ್ಲದಿದ್ದರೆ ಅದು ನಮ್ಮ ಕಾಡು ಅಂತ ನಾನು ಒಪ್ಪುವುದಿಲ್ಲ.

ಮರದ ಆಕಾರಕ್ಕೆ ಎಲ್-ಸಿಸ್ಟಮ್ ಓದಿಕೊಳ್ಳಿ. ಜೀವಶಾಸ್ತ್ರಜ್ಞ ಲಿಂಡೆನ್‌ಮಾಯರ್ 1968ರಲ್ಲಿ ಕೊಟ್ಟ ವಿಧಾನ ಅದು. ಒಂದು ಚಿಕ್ಕ ನಿಯಮವನ್ನು ಮತ್ತೆ ಮತ್ತೆ ಹಚ್ಚಿದರೆ ಕೊಂಬೆ ಕವಲೊಡೆಯುತ್ತಾ ಹೋಗುತ್ತದೆ. ಪ್ರತಿ ಜಾತಿಗೆ ನಾಲ್ಕೈದು ವಯಸ್ಸಿನ ಮಾದರಿ ಮರ ಸಾಕು. ಅವನ್ನೇ ಬ್ಲೆಂಡರ್‌ನಲ್ಲಿ ಇನ್‌ಸ್ಟೆನ್ಸ್ ಆಗಿ, ಅಂದರೆ ಒಂದೇ ಮೂಲ ಮರವನ್ನು ಹಲವು ಕಡೆ ಮತ್ತೆ ತೋರಿಸುವ ಹಾಗೆ, ಹರಡಿ, ತಿರುಗಿಸಿ, ಗಾತ್ರ ಬದಲಿಸಿ. ಸಾವಿರ ಮರ ಇದ್ದರೂ ಮೆಮೊರಿ ಜಾಸ್ತಿ ತಿನ್ನುವುದಿಲ್ಲ.

ಕೊನೆಗೆ ಅಳತೆ. ಅರಣ್ಯದವರು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ತೆಗೆಯುತ್ತಾರೆ. ನೀವೂ ಹಾಗೇ ಮಾಡಿ. 2011ರಿಂದ ಚಿಂಚೋಳಿ ಕಾಡು ವನ್ಯಜೀವಿ ಧಾಮ, ಅಲ್ವಾ? ಒಳಗೆ ಹೋಗಲು ಇಲಾಖೆಯ ಅನುಮತಿ ಬೇಕು. ಅರ್ಜಿ ಈಗಲೇ ಹಾಕಿ. ಅದು ಬರುವವರೆಗೆ ಊರ ಹೊಲದ ಬದುವಿನ ಬೇವು, ಜಾಲಿ ಅಳೆದು ಲೆಕ್ಕ ಸರಿ ಬರುತ್ತದಾ ನೋಡಿ.