ಕೋಟೆ ಬಾಗಿಲಲ್ಲಿ ಪರೀಕ್ಷೆ ಇಡಬೇಡಿ

ಪತ್ರ: ಭಾನುವಾರ ಮಕ್ಕಳಿಬ್ಬರನ್ನೂ ಧಾರವಾಡದ ಕಿಲ್ಲೆಯ ಬಾಗಿಲು ತೋರಿಸಲು ಕರೆದುಕೊಂಡು ಹೋಗಿದ್ದೆ. ಹಿಂದಿನ ದಿನವೇ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದೆ. ಹತ್ತು ನಿಮಿಷಕ್ಕೇ ‘ಮುಗೀತಾ ಅಮ್ಮ, ಹೋಗೋಣ’ ಎಂದರು. ಹಳೇ ಕಲ್ಲಿನಲ್ಲಿ ಮಕ್ಕಳಿಗೇನಿದೆ? ಒಂದು ಪಾರ್ಕು, ಲೈಟ್ ಶೋ ಆದರೂ ಮಾಡಬಾರದೇ?
– ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ: ಅಕ್ಕಾವರೇ, ಇಂಥ ಜಾಗದಲ್ಲಿ ಕೂರಲು ನೆರಳು, ಕುಡಿಯಲು ನೀರು ಬೇಕು. ಮಕ್ಕಳಿದ್ದರೆ ಶೌಚಾಲಯವೂ ಬೇಕು. ಅಷ್ಟು ಒಪ್ಪಿದೆ. ಲೈಟ್ ಶೋ ಮಾತ್ರ ಬೇಡ.

ರಜೆಯ ದಿನ ಮಕ್ಕಳನ್ನು ಕರೆದೊಯ್ದು ನೀವು ಪರೀಕ್ಷೆ ಇಟ್ಟಿರಿ. ಪರೀಕ್ಷೆ ಮುಗಿದ ಮೇಲೆ ಮನೆಗೆ ಓಡೋದು ಸಹಜ ಅಲ್ವಾ? 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತು, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯಿತ್ತು, ಟಿಪ್ಪುವಿನ ಪರವಾಗಿ ಕೋಟೆ ಕಾಯುತ್ತಿದ್ದ ಬದ್ರುಜ್ಜಮಾನ್ ಖಾನ್ 1791ರ ಏಪ್ರಿಲ್‌ನಲ್ಲಿ ಕೋಟೆ ಬಿಟ್ಟುಕೊಟ್ಟ. ಇದನ್ನೆಲ್ಲ ಹೇಳಿಕೊಟ್ಟಿರುತ್ತೀರಿ. ಆದರೆ ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಬರೆದಿಟ್ಟದ್ದನ್ನು ಹೇಳಿದಿರಾ? ಮರಾಠಾ ಗೋಲಂದಾಜರು, ಅಂದರೆ ತೋಪು ಹಾರಿಸುವವರು, ತೋಪಿಗೆ ಮದ್ದು ತುಂಬಿ, ಅರ್ಧ ಗಂಟೆ ಹೊಗೆ ಸೇದುತ್ತಾ ಹರಟೆ ಹೊಡೆಯುತ್ತಿದ್ದರಂತೆ. ಆಮೇಲೆ ಒಂದು ಗುಂಡು. ಧೂಳು ಜೋರಾಗಿ ಎದ್ದರೆ ಸಾಕು, ಮತ್ತೆ ಮದ್ದು, ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ತೋಪು ಹಾರುತ್ತಿದ್ದದ್ದೇ ಅಪರೂಪ. ಊಟದ ಹೊತ್ತು! ಇದನ್ನು ಹೇಳಿ ನೋಡಿ. ಯಾರು ಏನು ಉಣ್ಣುತ್ತಿದ್ದರು ಅಂತ ಮಕ್ಕಳು ನಿಮ್ಮ ತಲೆ ತಿನ್ನದಿದ್ದರೆ ಕೇಳಿ.

ಕೋಟೆಯ ಯಾವ ಹಳೇ ಬಾಗಿಲಿಗೆ ಹೋದರೂ ನಾನು ಮೊದಲು ಹುಡುಕೋದು ಅಗಳಿಯ (ಕದ ತೆರೆಯದಂತೆ ಒಳಗಿನಿಂದ ಅಡ್ಡ ಹಾಕುವ ಮರದ ತೊಲೆಯ) ತೂತು. ಎದುರುಬದುರು ಗೋಡೆಯಲ್ಲಿ ಎರಡು ಚೌಕ ತೂತುಗಳಿರುತ್ತವೆ. ಒಮ್ಮೆ ನಮ್ಮ ಅಣ್ಣನ ಮೊಮ್ಮಗಳು ಒಂದರಲ್ಲಿ ಕೈ ಹಾಕಿದಳು, ಮೊಣಕೈ ದಾಟಿ ಭುಜದವರೆಗೆ ಹೋಯಿತು. ಹಿಂದಿನಿಂದ ಅವಳ ತಾಯಿ ‘ಹಾವಿದ್ದೀತು, ತೆಗಿ ಕೈ’ ಎಂದು ಕೂಗಿದರು. (ಆ ಮಾತೂ ಸುಳ್ಳಲ್ಲ, ಮೊದಲು ಟಾರ್ಚ್ ಬಿಟ್ಟು ನೋಡಬೇಕು.) ಎದುರಿನ ತೂತಿನಲ್ಲಿ ಗೇಣು ಕೂಡ ಆಳವಿಲ್ಲ. ಒಂದು ಆಳ, ಇನ್ನೊಂದು ಯಾಕೆ ಹೀಗೆ? ನಾನು ಬಾಯಿ ಬಿಡಲಿಲ್ಲ. ಹುಡುಗಿ ಅತ್ತಿತ್ತ ಓಡಾಡಿ ತಾನೇ ಕಂಡುಹಿಡಿದಳು: ಹಗಲೆಲ್ಲ ಮರದ ಅಗಳಿ ಆಳದ ತೂತಿನೊಳಗೇ ಇರುತ್ತದೆ, ರಾತ್ರಿ ಎಳೆದು ಎದುರಿನದಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ದೊಡ್ಡ ಕದಗಳಲ್ಲೇ ಇರುತ್ತಿದ್ದ ಪುಟ್ಟ ದಿಡ್ಡಿ ಬಾಗಿಲಿನ ಮಾತು ಬಂತು. ‘ಒಬ್ಬೊಬ್ಬರೇ ತಲೆ ಬಗ್ಗಿಸಿ ಬಂದರೆ ಹೊಡೆಯೋದು ಸುಲಭ’ ಎಂದಳು. ಯಾವ ಪಠ್ಯದಲ್ಲಿ ಓದಿದ್ದಳು ಅದನ್ನು?

ನಮ್ಮ ಶಾಲೆಗಳಿಗೆ ಈ ಬಿಡುವೇ ಇಲ್ಲ. ಪ್ರವಾಸ ಅಂದರೆ ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಮೈಸೂರು. ಅರಮನೆಯ ಮುಂದೆ ಮಕ್ಕಳು ತೂಕಡಿಸುತ್ತಾ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ಶಿಗ್ಗಾಂವಿ ದಾಟಿದರೆ ಬಂಕಾಪುರ ಸಿಗುತ್ತದೆ. ಅಲ್ಲಿ ಕೋಟೆ, ಖಂದಕ, ಅರವತ್ತು ಕಂಬದ ಗುಡಿ, ಮೇಲೆ ನವಿಲು! 974ರಲ್ಲಿ ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಸಲ್ಲೇಖನ (ಉಪವಾಸವಿದ್ದು ದೇಹ ಬಿಡುವ ಜೈನ ವ್ರತ) ಮಾಡಿದ್ದೂ ಅಲ್ಲೇ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಆದರೆ ಅದನ್ನು ಪ್ರವಾಸ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ, ದೂರ ಕಡಿಮೆಯಾಯಿತು ನೋಡಿ. ಒಬ್ಬ ಮುಖ್ಯಾಧ್ಯಾಪಕರು ನನ್ನ ಮುಂದೆಯೇ ‘ಇಷ್ಟು ಹತ್ತಿರ ಹೋದರೆ ಪಾಲಕರು ದುಡ್ಡು ಕೊಡ್ತಾರಾ?’ ಎಂದಿದ್ದರು. ಇತ್ತ ಉಳಿದ ಕಲ್ಲಿಗೆ ನಾವೇ ಆಯಿಲ್ ಪೇಂಟ್ ಬಳಿಯುತ್ತೇವೆ, ಪ್ರೇಮಿಗಳ ಹೆಸರು ಕೆತ್ತುತ್ತೇವೆ, ಹುಟ್ಟುಹಬ್ಬದ ಬ್ಯಾನರ್ ಕಟ್ಟುತ್ತೇವೆ. ಆಮೇಲೆ ಅಲ್ಲೇನಿದೆ ಅಂತ ಪತ್ರಿಕೆಗೆ ಬರೆಯುತ್ತೇವೆ! ಸಿಟ್ಟಾಗಬೇಡಿ. ಮಾಲ್ ಬಿಟ್ಟು ಮಕ್ಕಳನ್ನು ಕಿಲ್ಲೆಗೆ ಕರೆದೊಯ್ದ ತಾಯಿ ನೀವು, ನಿಮ್ಮ ಮೇಲೆ ನನಗೆ ಅಭಿಮಾನವೇ ಜಾಸ್ತಿ.

ಇನ್ನೊಂದು ಸಲ ಹೋಗಿ ಬನ್ನಿ. ಬೇಗ ಹೋದರೆ ಬಿಸಿಲೂ ಇರೋದಿಲ್ಲ, ಗಾಡಿಗಳೂ ಕಡಿಮೆ. ಟಾರ್ಚ್, ನೀರಿನ ಬಾಟಲಿ ಒಯ್ಯಿರಿ, ಇಸವಿಗಳ ಚೀಟಿ ಮನೆಯಲ್ಲಿಡಿ. ಮುಂದಿನ ಪತ್ರ ಮಕ್ಕಳೇ ಬರೆಯಲಿ. ಅಕ್ಷರ ತಪ್ಪಿದ್ದರೂ ಪೂರ್ತಿ ಅಚ್ಚು ಹಾಕುತ್ತೇವೆ.