ಗೋಡೆಯ ಮೇಲಿನ ನಿಂದೆ: ಮೊದಲು ಅಳಿಸಬೇಕೆ, ಮೊದಲು ದೂರು ಕೊಡಬೇಕೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ | ಶಾಲೆ ಮತ್ತು ಕಾನೂನು | ಶಿವಮೊಗ್ಗ

ಶಾಲೆಯ ಗೋಡೆಯ ಮೇಲೆ ಜಾತಿ, ಬುಡಕಟ್ಟು ಅಥವಾ ಮೈಬಣ್ಣವನ್ನು ಹಿಡಿದು ಯಾರೋ ಬೈದು ಬರೆದ ಪ್ರಸಂಗಗಳ ಬಗ್ಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಪತ್ರ ನನ್ನ ಕೈಸೇರುವ ಹೊತ್ತಿಗೆ ಗೋಡೆಗೆ ಸುಣ್ಣ ಬಳಿದಾಗಿರುತ್ತದೆ ಎಂಬುದು ಇನ್ನೂ ಬೇಸರದ ಸಂಗತಿ. ಹಾಗೆ ಬರೆಯುವುದು ಅಷ್ಟು ದೊಡ್ಡ ತಪ್ಪೇ ಎಂದು ಕೇಳಿದವರಿಗೆ ಇಲ್ಲಿ ಜಾಗ ಕೊಟ್ಟಿಲ್ಲ.

ಪ್ರಶ್ನೆ: ನಾವು ಯಲ್ಲಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ಹತ್ತನೇ ತರಗತಿಯವರು. ಸೋಮವಾರ ಬೆಳಿಗ್ಗೆ ನೀರಿನ ನಲ್ಲಿಯ ಪಕ್ಕದ ಗೋಡೆಯ ಮೇಲೆ ನಮ್ಮ ತರಗತಿಯ ಸಿದ್ದಿ (ಆಫ್ರಿಕಾ ಮೂಲದ ಬುಡಕಟ್ಟು) ಹುಡುಗಿಯ ಹೆಸರು ಹಾಕಿ, ಅವಳ ಬಣ್ಣವನ್ನೂ ಜನಾಂಗವನ್ನೂ ಹೀಯಾಳಿಸಿ ಕೆಂಪು ಪೇಂಟ್‌ನಲ್ಲಿ ಬರೆದಿದ್ದರು. ಮುಖ್ಯಶಿಕ್ಷಕರು ಕೂಡಲೇ ಅಳಿಸಿ ಎನ್ನುತ್ತಾರೆ. ಸದ್ಯಕ್ಕೆ ಹಳೆಯ ಫ್ಲೆಕ್ಸ್ ಕಟ್ಟಿ ಮುಚ್ಚಿದ್ದೇವೆ. ಮೌನ ಮೆರವಣಿಗೆ ಮಾಡಿ, ಬಳಿಕ ಅವಳಿಂದ ಸಿದ್ದಿಗಳ ಡಮಾಮಿ ನೃತ್ಯ ಮಾಡಿಸಿ ಒಗ್ಗಟ್ಟು ತೋರಿಸಬೇಕೆಂದಿದ್ದೇವೆ. ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸವೆಂದರೆ ಆ ಹಳೆಯ ಫ್ಲೆಕ್ಸ್. ಹುಡುಗಿ ನೀರು ಕುಡಿಯಲು ಹೋದಾಗಲೆಲ್ಲ ಅದನ್ನು ಓದುವುದು ತಪ್ಪಿತು, ಸಾಕ್ಷ್ಯವೂ ಉಳಿಯಿತು. ಈಗ ಫ್ಲೆಕ್ಸನ್ನು ಒಮ್ಮೆ ಸರಿಸಿ, ಕಟ್ಟಡ ಗುರುತಾಗುವಂತೆ ದೂರದಿಂದ ಒಂದು ಚಿತ್ರ, ಅಕ್ಷರಗಳ ಪಕ್ಕ ಅಳತೆಪಟ್ಟಿ ಹಿಡಿದು ಹತ್ತಿರದಿಂದ ಒಂದು ಚಿತ್ರ ತೆಗೆಯಿರಿ. ಚಿತ್ರಗಳು ತೆಗೆದ ಫೋನಿನಲ್ಲೇ ಇರಲಿ. ಕತ್ತರಿಸಬೇಡಿ, ಮೇಲೆ ಗೆರೆ ಎಳೆಯಬೇಡಿ, ಯಾವ ಗುಂಪಿಗೂ ಕಳಿಸಬೇಡಿ. ಮೊದಲು ನೋಡಿದವರು ಯಾರು, ಎಷ್ಟು ಗಂಟೆಗೆ, ಎಂಬುದನ್ನು ಅವರ ಕೈಯಲ್ಲೇ ಬರೆಸಿಡಿ.

ಮುಖ್ಯಶಿಕ್ಷಕರ ಆತುರ ಶಾಲೆಯ ಹೆಸರಿನ ಬಗ್ಗೆ ಎಂಬುದು ನನಗೆ ಗೊತ್ತು, ಅದರ ಬಗ್ಗೆ ನನಗೆ ಸಹನೆ ಕಡಿಮೆ. ಅವರಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ಈಗಲೇ ಅಳಿಸಬೇಡಿ ಎಂದು ಲಿಖಿತ ಮನವಿ ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಮನವಿಗೆ ಕಚೇರಿಯಲ್ಲಿ ಆಯುಷ್ಯವಿಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆದ್ದರಿಂದ, ಬರೆದವರು ಪರಿಶಿಷ್ಟ ಜಾತಿಗೋ ಪಂಗಡಕ್ಕೋ ಸೇರದವರಾದರೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989 ಇಲ್ಲಿಗೆ ಅನ್ವಯಿಸುತ್ತದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸುವುದು ಅದರ 3ನೇ ಸೆಕ್ಷನ್ನಿನಡಿ ಅಪರಾಧ. ದ್ವೇಷ ಹುಟ್ಟಿಸುವ ಮಾತು ಬಾಯಲ್ಲಿ ಬಂದರೂ ಬರಹದಲ್ಲಿ ಬಂದರೂ ಒಂದೇ ಎಂದು ಅದೇ ಸೆಕ್ಷನ್ ಹೇಳುತ್ತದೆ. "ಬಾಯಲ್ಲಿ ಬೈದರೆ ಮಾತ್ರ ಕೇಸು", "ಬರೆದವರು ಯಾರೆಂದು ಗೊತ್ತಿಲ್ಲದಿದ್ದರೆ ದೂರು ತೆಗೆದುಕೊಳ್ಳುವುದಿಲ್ಲ" ಎಂಬ ಪಂಚಾಯ್ತಿ ಕಟ್ಟೆಯ ಕಾನೂನುಗಳನ್ನು ಕಟ್ಟೆಯಲ್ಲೇ ಬಿಟ್ಟು ಬನ್ನಿ. ಅಪರಿಚಿತರ ಮೇಲೆಯೂ ದೂರು ದಾಖಲಾಗುತ್ತದೆ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 2018ರ ತಿದ್ದುಪಡಿ ಸ್ಪಷ್ಟಪಡಿಸಿದೆ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಠಾಣೆಯಲ್ಲಿ ನಿಮ್ಮನ್ನು ಸುಮ್ಮನೆ ಕೂರಿಸಿದರೆ ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೂ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಆದರೆ ಠಾಣೆಗೆ ಹೋಗಬೇಕೆ ಬೇಡವೆ ಎಂಬುದನ್ನು ಹುಡುಗಿಯೂ ಅವಳ ತಂದೆತಾಯಿಯೂ ತೀರ್ಮಾನಿಸಲಿ. ನೀವು ಸಾಕ್ಷಿಗಳು, ದೂರುದಾರರಲ್ಲ.

ಪೊಲೀಸರು ಮಹಜರು ಮಾಡಿದ ಮೇಲೆ, ಅಥವಾ ದೂರು ಬೇಡವೆಂದು ಮನೆಯವರು ಹೇಳಿದ ಮೇಲೆ, ಅಳಿಸುವ ಮಾತು. ನಿಮ್ಮ ಕಡೆಯ ಜಂಬಿಟ್ಟಿಗೆ ಗೋಡೆ ತುಂಬ ರಂಧ್ರಗಳಿರುತ್ತವೆ. ಟರ್ಪೆಂಟೈನ್ ಹಾಕಿ ತಿಕ್ಕಿದರೆ ಎನಾಮೆಲ್ ಪೇಂಟ್ ಕರಗಿ ಒಳಕ್ಕಿಳಿದು, ಎರಡು ಅಡಿ ಇದ್ದ ಬರಹ ನಾಲ್ಕು ಅಡಿಯ ಕೆಂಪು ಕಲೆಯಾಗುತ್ತದೆ. ಬರಿಯ ಸುಣ್ಣ ಬಳಿದರೆ ಅಕ್ಷರ ಮತ್ತೆ ಇಣುಕುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್‌ನಿಂದ ಎಲ್ಲವೂ ಹೋಗುತ್ತದೆಂದು ಹೇಳುವ ಅಂಗಡಿಯವನು ಪೇಂಟ್ ಬಲ್ಲವನೂ ಅಲ್ಲ, ಗೋಡೆ ಬಲ್ಲವನೂ ಅಲ್ಲ: ಆ್ಯಸಿಡ್ ಸುಣ್ಣವನ್ನು ತಿನ್ನುತ್ತದೆ, ಪೇಂಟ್ ಉಳಿಯುತ್ತದೆ, ಮಕ್ಕಳ ಕೈ ಸುಡುತ್ತದೆ. ಗೋಡೆ ಒಣಗಿದ ದಿನ ನೋಡಿ ಕೆರೆದು, ಪ್ರೈಮರ್ ಹಚ್ಚಿ, ಇಡೀ ಗೋಡೆಗೆ ಬಣ್ಣ ಬಳಿಸಿ. ಬರಹವಿದ್ದಷ್ಟಕ್ಕೇ ಬಳಿದರೆ ಆ ಚೌಕವೇ ಅದರ ಗುರುತಾಗಿ ನಿಲ್ಲುತ್ತದೆ. ಖರ್ಚು ಶಾಲೆಯದು. ಬಳಿಯುವ ಕೈಗಳಲ್ಲಿ ಆ ಹುಡುಗಿಯ ಕೈ ಇರಬಾರದು.

ಇನ್ನು ನೃತ್ಯ. ನಿಮ್ಮ ಉದ್ದೇಶದ ಬಗ್ಗೆ ಸಂಶಯವಿಲ್ಲ, ಆದರೂ ಇದನ್ನು ಓದಿ ನನಗೆ ಸಿಟ್ಟು ಬಂತು. ಬೈಸಿಕೊಂಡವಳು ಅವಳು, ಈಗ ನಿಮ್ಮ ಒಗ್ಗಟ್ಟಿಗಾಗಿ ವೇದಿಕೆ ಹತ್ತಿ ಕುಣಿಯಬೇಕಾದವಳೂ ಅವಳೇ? ಸಿದ್ದಿ ಎಂದ ಕೂಡಲೇ ಕುಣಿತವೊಂದೇ ನೆನಪಾಗುವುದು ಆ ಗೋಡೆಯ ಬರಹಕ್ಕೆ ನೀವು ಅಂದುಕೊಂಡಷ್ಟು ದೂರದ್ದಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದು, ಅವರ ಪೀಳಿಗೆಯವರು ಇಂದು ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಹಳಿಯಾಳ, ಮುಂಡಗೋಡ, ಯಲ್ಲಾಪುರಗಳಲ್ಲಿ ಬದುಕುತ್ತಿರುವುದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು, ಇವನ್ನೆಲ್ಲ ಸಮಾಜ ವಿಜ್ಞಾನದ ಶಿಕ್ಷಕರೂ ನೀವೂ ಸೇರಿ ಓದಿ ಹೇಳಬಹುದು. ಆ ಪಾಠವನ್ನೂ ಅವಳ ಬಾಯಿಂದ ಹೇಳಿಸಬೇಡಿ. ಮೆರವಣಿಗೆ ಬೇಕಿದ್ದರೆ ಮೊದಲು ಅವಳನ್ನು ಒಬ್ಬಳೇ ಇದ್ದಾಗ, ಅವಳ ಆಪ್ತ ಗೆಳತಿಯ ಮೂಲಕ ಕೇಳಿ. ಬೇಡವೆಂದರೆ ಕಾರಣ ಕೇಳದೆ ಬಿಡಿ. ಊಟದ ಸಾಲಿನಲ್ಲಿ ಅವಳ ಪಕ್ಕ ಎಂದಿನಂತೆ ಕೂರುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಪ್ರಶ್ನೆ: ಬರೆದದ್ದು ಒಂಬತ್ತನೇ ತರಗತಿಯ ಹುಡುಗನೆಂದು ತಿಳಿದುಬಂದಿದೆ. ಹುಡುಗಾಟಕ್ಕೆ ಕೇಸು ಹಾಕಿದರೆ ಅವನ ಬದುಕು ಹಾಳಾಗುವುದಿಲ್ಲವೇ? (ಪೋಷಕರು, ಹೊಸನಗರ)

ಉತ್ತರ: ಹದಿನೆಂಟು ತುಂಬದವರು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ, ಸಾಮಾನ್ಯ ನ್ಯಾಯಾಲಯಕ್ಕಲ್ಲ. ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆಯಂಥ ಆದೇಶಗಳಿಗೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಬೈಸಿಕೊಂಡ ಮಗುವಿನ ಬದುಕಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ವಾಕ್ಯವೂ ಇಲ್ಲ.

ಪ್ರಶ್ನೆ: ಬರೆದವರನ್ನು ಕಂಡುಹಿಡಿಯಲು ಅಂಜನ ಹಾಕಿಸಬಹುದೇ?

ಉತ್ತರ: ಬೇಡ. ಎಲ್ಲ ಮಕ್ಕಳಿಂದ ದೇವರ ಮುಂದೆ ಆಣೆ ಮಾಡಿಸುವುದೂ ಬೇಡ.

ಪ್ರಶ್ನೆ: ನೋಟ್‌ಬುಕ್ಕುಗಳನ್ನು ತರಿಸಿ ಕೈಬರಹ ಹೋಲಿಸಿ ನೋಡುತ್ತಿದ್ದೇವೆ. (ಶಿಕ್ಷಕರು, ತೀರ್ಥಹಳ್ಳಿ)

ಉತ್ತರ: ಬ್ರಷ್ಷಿನಲ್ಲಿ ಗೋಡೆಗೆ ಬರೆದದ್ದನ್ನು ಪೆನ್ನಿನಲ್ಲಿ ಪುಸ್ತಕಕ್ಕೆ ಬರೆದದ್ದರ ಜೊತೆ ಹೋಲಿಸಿ ನೀವು ಹಿಡಿಯುವುದು ನಿಮಗೆ ಮೊದಲೇ ಆಗದ ಹುಡುಗನನ್ನು. ತನಿಖೆ ಪೊಲೀಸರ ಕೆಲಸ.

ಪ್ರಶ್ನೆ: ಸಿಕ್ಕಿಬಿದ್ದವನ ಫೋಟೋ, ಹೆಸರು ಸ್ಟೇಟಸ್‌ಗೆ ಹಾಕಬಹುದೇ? (ಪಿಯು ವಿದ್ಯಾರ್ಥಿ, ಸಾಗರ)

ಉತ್ತರ: ಅವನು ಅಪ್ರಾಪ್ತನಾಗಿದ್ದರೆ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಡಿ ಅಪರಾಧಿ ನೀವಾಗುತ್ತೀರಿ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಬೈಸಿಕೊಂಡ ಮಗುವಿನ ಗುರುತಿಗೂ ಇದೇ ನಿಯಮ. ಹಾಕಿಬಿಟ್ಟಿದ್ದರೆ ಈಗಲೇ ತೆಗೆಯಿರಿ.